ನೂರಕ್ಕೆ ಹತ್ತು ಮಂದಿ

ಜನವರಿ 8
ಇವತ್ತೂ ಎರಡು ಸಲ ಕಸ ಗುಡಿಸಿದೆ. ಅದಿರಿನ ಲಾರಿ ನಿಲ್ಲುವುದಿಲ್ಲ, ಕೆಂಪು ಧೂಳೂ ನಿಲ್ಲುವುದಿಲ್ಲ. ಗಂಗೋತ್ರಿಗೆ ಮತ್ತೆ ದಮ್ಮು. ಆರು ವರ್ಷದ ಮಗು... ಉಸಿರೆಳೆದರೆ ಪಕ್ಕೆಲುಬು ಕಾಣುತ್ತವೆ. ಸಂಡೂರಿನ ಡಾಕ್ಟರು ಇನ್‌ಹೇಲರ್ ಕೊಟ್ಟು, "ಧೂಳಿನಿಂದ ದೂರ ಇಡ್ರಿ" ಅಂದರು. ಎಲ್ಲಿ ಇಡಲಿ?

ಸಂಜೆ ಎದುರುಮನೆ ತಾಯಕ್ಕ ಬಂದಳು. ಲಾರಿಗಳನ್ನು ಊರ ಹೊರಗಿನ ದಾರಿಗೆ ಹಾಕಿಸಲು ವಿಶೇಷ ಗ್ರಾಮಸಭೆ ಕರೆಸಬೇಕಂತೆ. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸಹಿ ಹಾಕಿದರೆ ಪಂಚಾಯ್ತಿಯವರು ಕರೆಯಲೇಬೇಕು — ರೂಲ್ಸ್ ಇದೆ. "ಅರ್ಜಿ ನೀ ಬರಿ, ಮನಿಮನಿ ನಾ ತಿರುಗ್ತೀನಿ."

ಜನವರಿ 15
ಸಹಿ ಬೇಕಾದ್ದಕ್ಕಿಂತ ಜಾಸ್ತಿಯೇ ಆದವು. ಪಿಡಿಒ ಮಾರುತೇಶ್ ತಿರುವಿ ನೋಡಿದರು. "ಓಟರ್ ಲಿಸ್ಟ್ ನಂಬರ್ ಎಲ್ಲೈತಮ್ಮ? ಹೆಬ್ಬೆಟ್ಟಿಗೆ ಸಾಕ್ಷಿ ಯಾರು? ಹಿಂಗ ನಡಿಯಂಗಿಲ್ಲ." ವಾಪಸ್.

ಜನವರಿ 28
ಮತ್ತೆ ಮೊದಲಿಂದ. ಕೆಲವರು ಬಾಗಿಲೇ ತೆಗೆಯಲಿಲ್ಲ. ಆದರೂ ಆಯಿತು. ಅರ್ಜಿ ತಗೊಂಡರು! ಸಭೆ ಫೆಬ್ರವರಿ 11ಕ್ಕೆ.

ಇವರಿಗೆ ಹೇಳಿದೆ. ಇವರು ಓಡಿಸುವುದೂ ಅದೇ ಅದಿರಿನ ಲಾರಿ. ಉಂಡು ಎದ್ದರು. ಕೈ ತೊಳೆಯುವಾಗ, "ಮಗಳಿಗೋಸ್ಕರ ಮಾಡು" ಅಂದರು.

ಫೆಬ್ರವರಿ 11
ಶಾಮಿಯಾನ. ಖಾಲಿ ಕುರ್ಚಿ. ಬೆಳಿಗ್ಗೆಯೇ ಲಾರಿ ಕಂಟ್ರಾಕ್ಟರು ಬಸ್ಸು ತರಿಸಿ ಊರ ಮಂದಿಯನ್ನು ಹುಲಿಗಿ ಗುಡಿಗೆ ಕರೆದೊಯ್ದಿದ್ದ. ದರ್ಶನ, ಊಟ, ಎಲ್ಲ ಅವನದೇ. ಸಹಿ ಮಾಡಿದವರೇ ಕಿಟಕಿಯಿಂದ ನಮಗೆ ಕೈ ಬೀಸಿದರು.

ಮಾರುತೇಶ್ ವಾಚ್ ನೋಡಿದರು. "ಕೋರಂ ಇಲ್ರಿ. ನಾ ಏನ್ ಮಾಡ್ಲಿ?"

ಆದರೂ ತಾಯಕ್ಕ ಎದ್ದು ನಿಂತು ಮಾತಾಡಿದಳು. ಶಾಮಿಯಾನದವರು ಹಗ್ಗ ಬಿಚ್ಚುತ್ತಿದ್ದರು.

ಮಾರ್ಚ್ 20
ಬರೆಯಲು ಆಗಲಿಲ್ಲ. ಗಂಗೋತ್ರಿ ಬಳ್ಳಾರಿ ಆಸ್ಪತ್ರೆಯಲ್ಲಿದ್ದಳು. ಇವತ್ತು ಕಂಪ್ಲಿಯಲ್ಲಿ, ಅವ್ವನ ಮನೆಯಲ್ಲಿ ಬಿಟ್ಟುಬಂದೆ. ಅಳಲಿಲ್ಲ. "ಲಾರಿ ನಿಂತ ಮ್ಯಾಲ ಕರ್ಕೊಂಡು ಹೋಗ್ತೀಯಾ?" ಅಂದಳು. ಹ್ಞೂಂ ಅಂದೆ.

ಮುಂದೂಡಿದ ಸಭೆ ಏಪ್ರಿಲ್‌ನಲ್ಲಂತೆ. ಅಲ್ಲಿಯವರೆಗೆ ಸಹಿಗಳು ಉಳಿದರೆ. ದಿನಾ ಒಬ್ಬರಿಲ್ಲ ಒಬ್ಬರು ಪಂಚಾಯ್ತಿಗೆ ಹೋಗಿ ಹೆಸರು ತೆಗೆಸುತ್ತಿದ್ದಾರೆ.

ಮಾರ್ಚ್ 23
ತಾಯಕ್ಕ ಬಂದಳು. ಗಣಿಯಲ್ಲಿ ಕೆಲಸಕ್ಕಿದ್ದ ಅವಳ ಮಗ ಹೊನ್ನೂರುಸ್ವಾಮಿಯ ಗೇಟ್ ಪಾಸ್ ಕಿತ್ತುಕೊಂಡಿದ್ದಾರೆ. "ನನ್ ಹೆಸರು ತೆಗಿರಿ ಅಂತ ಒಂದ್ ಅರ್ಜಿ ಬರಕೊಡವ್ವ. ನಂಗ ಬರಿಯಾಕ ಬರಂಗಿಲ್ಲ." ನನ್ನ ಮುಖ ನೋಡಲಿಲ್ಲ.

ಬರೆದುಕೊಟ್ಟೆ. ಇನ್ನೇನು ಮಾಡಲಿ.

ಸಂಜೆ 6
ಇವರು ಬೇಗ ಬಂದರು. ಕಂಟ್ರಾಕ್ಟರ ಕಡೆಯವರು ಲಾರಿ ಕೀ ಇಸಕೊಂಡರಂತೆ. ಬೈಯಲಿಲ್ಲ... ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತು, "ನೀ ಹೆಸರು ತೆಗಿಸಿದ್ರ ನಾಳೇನ ಕೆಲಸಕ್ಕ ಕರೀತಾರಂತ. ಏನಂತಿ?" ಅಂದರು.

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇವರು ಇನ್ನೂ ಹೊರಗೇ ಕೂತಿದ್ದಾರೆ. ಕಂಪ್ಲಿಯಿಂದ ಫೋನ್ ಬರುತ್ತಿದೆ, ಗಂಗೋತ್ರಿಯೇ ಇರಬೇಕು. ಎತ್ತಿದರೆ, ಲಾರಿ ನಿಂತವಾ ಅಂತಾಳೆ. ಏನಂತ ಹೇಳಲಿ?