ಅಪ್ಪನ ಹೆಸರಿನ ಫೋನು

12 ಜೂನ್ 2024, ಬುಧವಾರ. ಮಾಗಡಿ

ಯಾವ ರೂಟರ್ ತರೋದು ಅಂತ ಇವತ್ತೂ ತೀರ್ಮಾನವಾಗಲಿಲ್ಲ. ತಿಂಗಳು ಮುಗಿಯೋ ಮೊದಲೇ ಡೇಟಾ ಖಾಲಿ. ಕೇಳಿದರೆ ಅವ್ವ "ನಾನಲ್ಲ ಕಣಪ್ಪ" ಅಂತಾಳೆ, ಹೆಂಡತಿ ನನ್ನನ್ನೇ ನೋಡ್ತಾಳೆ. ಅಂಗಡಿಯವನು ತೋರಿಸಿದ ಒಂದು ರೂಟರ್, ಯಾವ ಫೋನು ಎಷ್ಟು ಬಳಸಿತು ಅಂತ ಹೆಸರು ಸಮೇತ ಹೇಳುತ್ತಂತೆ. ಇನ್ನೊಂದು ಏನೂ ಹೇಳಲ್ಲ.

ಹೆಸರು ಏನು ಬರುತ್ತೋ ಅಂತ ಅವ್ವನ ಫೋನ್ ನೋಡಿದೆ. ಅದು ಅಪ್ಪನದು. ಅವರು ಲಿಂಗೈಕ್ಯರಾಗಿ ಎರಡು ವರ್ಷವಾದರೂ ಅದರಲ್ಲಿ "ಚನ್ನಬಸವಯ್ಯ" ಅಂತಲೇ ಇದೆ. ಬದಲಾಯಿಸಲಾ ಅಂದೆ.

"ಇರ್ಲಿ ಬುಡಪ್ಪ. ನಿಮ್ಮಪ್ಪನ ಹೆಸ್ರು ಅದೊಂದ್ರಲ್ಲಾದ್ರೂ ಓಡಾಡ್ಲಿ."

ಹೆಸರು ಹೇಳೋ ರೂಟರ್ ತಂದೆ ಅಂತಿಟ್ಟುಕೊಳ್ಳೋಣ. ಮನೇಲಿ ಎಲ್ಲರಿಗಿಂತ ಜಾಸ್ತಿ ಬಳಸಿದ್ದು ಅಪ್ಪ ಅಂತ ಅದು ತೋರಿಸಿದರೆ ಯಾರನ್ನ ಬೈಯಲಿ? ಏನೂ ಹೇಳದ್ದನ್ನೇ ತಂದರೆ, ಅಪ್ಪನ ಹೆಸರು ಅಲ್ಲಿ ಕಾಣೋದೇ ಇಲ್ಲವಲ್ಲ, ಅದೂ ಬೇಡ ಅನ್ನಿಸುತ್ತೆ.