ಒಂದೇ ಗುಂಡಿಯ ಹನ್ನೊಂದು ಫೋಟೋ

ಕಳವಾ, ಠಾಣೆ
ಭಾನುವಾರ, 18 ಜನವರಿ 2026

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಮುರಬಾಡದ ಆ ಕಡೆ ಚಳಿ ಜಾಸ್ತಿ ಅಂತ ಲಕ್ಷ್ಮೀಕಾಂತ ಕಾಕಾ ಹೇಳಿದ. ನಾಳೆ ಕೇಬಲ್ ಡ್ರಮ್ ಹೇರಿಕೊಂಡು ನಿಮ್ಮ ಕ್ಯಾಂಪಿಗೆ ಬರುವ ಅವನ ಟೆಂಪೋದಲ್ಲೇ ಈ ಪತ್ರವನ್ನೂ ನಿನ್ನ ಉಣ್ಣೆ ಟೋಪಿಯನ್ನೂ ಕಳಿಸುತ್ತಿದ್ದೇನೆ. ಟೋಪಿ ಹಾಕಿಕೋ, ಶೋಕಿಗೆ ಟವೆಲ್ ಸುತ್ತಿಕೊಂಡು ಕೂರಬೇಡ. ಅವ್ವ ಆರಾಮಿದ್ದಾಳೆ. ನಾನು ಆರಾಮಿಲ್ಲ. ನನಗೆ ಎಷ್ಟು ಸಿಟ್ಟು ಬಂದಿದೆ ಅಂದರೆ ಮೂರು ದಿನದಿಂದ ನಮ್ಮ ಆಪ್ಟಿಕಲ್ ಫೈಬರ್ ಹುಚ್ಚರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜೂ ಹಾಕಿಲ್ಲ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಿನ್ನ ಮೊಬೈಲ್ ಕೆಟ್ಟಾಗಿನಿಂದ ನಿಮ್ಮ ಗ್ಯಾಂಗಿನ ಮೇಸ್ತ್ರಿ, ಮುಕಾದಮ ರಮಾಕಾಂತನ ಫೋನಿಗೇ ಮಾಡಬೇಕು, ಅವನು ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಲ್ಲುತ್ತಾನೆ. ಅವನಿಗೆ ನಮ್ಮ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ, ಕಾಗದದ ಮೇಲೆ. ತಪ್ಪಿದ್ದರೆ ಬೈಯಬೇಡ, ಕಲಿಸಿದವನು ನೀನೇ.

ವಿಷಯ ಇದು. ಗುರುವಾರ ರಮಾಕಾಂತ ಮನೆಗೆ ಬಂದಿದ್ದ. ದೀಪಾವಳಿ ಆದಮೇಲೆ ಘಣಸೋಲಿಯಲ್ಲಿ ನೀವು ಹಾಕಿದ ಕೇಬಲ್ ಕಡಿದುಹೋಗಿದೆ. ನೀರಿನ ಪೈಪಿನವರ ಜೆಸಿಬಿ ಎರಡಡಿ ಅಗೆಯುತ್ತಲೇ ಸಿಕ್ಕಿತಂತೆ. ಇರಬೇಕಾದದ್ದು ಐದೂವರೆ ಅಡಿ ಕೆಳಗೆ! ಕಂಪನಿಯವರು ವಿಚಾರಣೆ ಇಟ್ಟಿದ್ದಾರೆ. 'ಮುಕಾದಮ ಐದೂವರೆ ಅಡಿ ಅಂದಿದ್ದರು, ನಾನೇ ಸೋಮಾರಿತನದಿಂದ ಕಡಿಮೆ ಅಗೆದೆ' ಅಂತ ರಮಾಕಾಂತ ನಿನ್ನ ಹೆಸರಿನಲ್ಲಿ ಒಂದು ಕಾಗದ ಮಾಡಿಸಿಕೊಂಡಿದ್ದಾನೆ. ಮಂಗಳವಾರದವರೆಗೆ ಕಲ್ಯಾಣದಲ್ಲಿದ್ದು, ಬುಧವಾರ ಕ್ಯಾಂಪಿಗೆ ಬಂದು ನಿನ್ನ ಸಹಿ ಹಾಕಿಸಿಕೊಳ್ಳುತ್ತಾನಂತೆ. ನಮ್ಮದೇ ಚಹಾ ಕುಡಿಯುತ್ತ ಹೇಳಿದ, "ಏ ಪೋರಿ, ನಿಮ್ಮಪ್ಪಗ ಏನೂ ಆಗಂಗಿಲ್ಲ. ನುಸ್ತಾ ಫಾರ್ಮಾಲಿಟಿ, ಬರೇ ಹೆಸರಿಗೆ." ಅವನು ಹೋದ ಮೇಲೆ ನಾನು ಕೂಗಾಡಿದರೆ ಅವ್ವ, "ಸಹಿ ಮಾಡಿದ್ರ ಕೈ ಸವೀತೈತೇನ? ಕೆಲಸರ ಉಳೀತೈತಿ" ಅಂದಳು. ಎಲ್ಲಿ ಉಳಿಯುತ್ತದೆ? ಸುಳ್ಳು ಅಳತೆಯವನು ಅಂತ ಬರೆದುಕೊಟ್ಟವನನ್ನು ಠಾಣೆಯಿಂದ ಪನವೇಲಿನವರೆಗೆ ಯಾವ ಕಂಪನಿ ಗುಂಡಿಗೆ ಇಳಿಸುತ್ತದೆ?

ಈಗ ನಾನು ಮಾಡಿದ್ದನ್ನೂ ಕೇಳು. ಅದೇ ಗುರುವಾರ ಬೆಳಗ್ಗೆ, ಅವನು ಬರುವ ಮೊದಲು, ಆ ಕೆಲಸದ ಆಳದ ಫೋಟೋಗಳನ್ನು ಯಾರೋ ನಮ್ಮ ಗ್ರೂಪಿಗೆ ಹಾಕಿದ್ದರು. ಪದ್ಧತಿ ನಿನಗೆ ಗೊತ್ತೇ ಇದೆ, ನೂರು ಮೀಟರಿಗೊಂದು ಕಡೆ ಗುಂಡಿಯಲ್ಲಿ ಅಳತೆ ಕೋಲು ನಿಲ್ಲಿಸಿ, ಸ್ಲೇಟಿನ ಮೇಲೆ ಜಾಗದ ನಂಬರ್ ಬರೆದು ಫೋಟೋ ತೆಗೆಯಬೇಕು. ಹನ್ನೊಂದು ಫೋಟೋ, ಹನ್ನೊಂದು ನಂಬರ್, ಆದರೆ ಎಲ್ಲದರಲ್ಲೂ ಗುಂಡಿಯ ಗೋಡೆಯಲ್ಲಿ ಅದೇ ಕಡಿದ ಬೇರು. ಒಂದೇ ಗುಂಡಿಯನ್ನು ಆಳ ತೋಡಿ ಸ್ಲೇಟು ಮಾತ್ರ ಬದಲಿಸಿದ್ದಾರೆ. ಮೊದಲು ಹಿಡಿದದ್ದು ನಾನು. ಬೇರಿಗೆ ಕೆಂಪು ಸುತ್ತು ಹಾಕಿ, 'ಈ ಗುಂಡಿಗೆ ಕಾಲು ಬಂದಿವೆ, ಘಣಸೋಲಿ ಪೂರ್ತಿ ವಾಕಿಂಗ್ ಹೋಗುತ್ತಿದೆ' ಅಂತ ಬರೆದೆ. ನಾನೂರು ಜನ ನಕ್ಕರು. ಕೊನೆಯ ಫೋಟೋದಲ್ಲಿ ಕೋಲು ಹಿಡಿದ ಕೈಯ ಮೇಲೆ ಹಚ್ಚೆಯ ಅಕ್ಷರ ಕಾಣುತ್ತಿತ್ತು. ಒಬ್ಬ, "ಯೇ ಕೌನ್ಸೀ ಭಾಷಾ ಹೈ?" ಅಂದ. ಇನ್ನೊಬ್ಬ, "ತೆಲುಗು ಹೈ ಭಾಯಿ." ನಾನು ದೊಡ್ಡದು ಮಾಡಿ ನೋಡಿದೆ. ಚಂದವ್ವ. ನಿನ್ನ ಅವ್ವನ ಹೆಸರು. ಶಾಲೆಗೆ ಹೋಗುವ ಮೊದಲೇ ನಿನ್ನ ತೋಳಿನ ಮೇಲೆ ಬೆರಳಿಟ್ಟು ನಾನು ಓದಲು ಕಲಿತ ಮೂರು ಅಕ್ಷರ.

ಯಾಕೆ ಹಿಡಿದೆ ಅಪ್ಪಾ ಆ ಕೋಲು? ಹನ್ನೊಂದು ಸಲ! ಐರೋಲಿಯ ಸೈಟಿನಿಂದ ಕೇಬಲ್ಲಿನೊಳಗಿನ ಗಾಜಿನ ಎಳೆ ಒಂದು ಗೇಣು ತಂದು, ಟಾರ್ಚ್ ಹಿಡಿದು, "ನೋಡು ಯವ್ವಾ, ಕೂದಲದಾಗ ಸೂರ್ಯ" ಅಂದವನು ನೀನು. ನನಗೆ ಈ ಹುಚ್ಚು ಹಿಡಿಸಿದವನೂ ನೀನೇ. ಐಟಿಐನಲ್ಲಿ ಹುಡುಗರು ಬೈಕಿನ ವಿಡಿಯೋ ನೋಡುವಾಗ ನಾನು ಎಳೆ ಬೆಸೆಯುವ ವಿಡಿಯೋ ನೋಡುತ್ತೇನೆ. ನಿನಗೆ ಗೊತ್ತಾ, ಗಾಜಿನೊಳಗೆ ಬೆಳಕಿನ ವೇಗ ಮೂರನೇ ಒಂದು ಪಾಲು ಕಡಿಮೆ, ಅದಕ್ಕೆ ಈಗ ನಡುವೆ ಟೊಳ್ಳಿರುವ ಎಳೆ ಮಾಡಿದ್ದಾರೆ, ಬೆಳಕು ಗಾಳಿಯಲ್ಲೇ ಓಡುತ್ತದೆ. ಒಂದೇ ಎಳೆಯಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಕಳಿಸಿ ಇಡೀ ಊರಿನ ಮಾತು ಹೊರಿಸುತ್ತಾರೆ. ಇನ್ನೂ ಮಜಾ ಅಂದರೆ ಎಳೆಗೆ ಕಿವಿ ಬರುತ್ತಿದೆ. ಮೇಲೆ ಗುದ್ದಲಿ ಬಿದ್ದರೂ ಒಳಗಿನ ಬೆಳಕು ನಡುಗುತ್ತದೆ, ಎಲ್ಲಿ ಅಗೆಯುತ್ತಿದ್ದಾರೆ ಅಂತ ಆಫೀಸಿನಲ್ಲಿ ಕೂತೇ ತಿಳಿಯುತ್ತದಂತೆ. ಮುಂದೊಂದು ದಿನ ಭೂಕಂಪದ ಸುದ್ದಿಯನ್ನೂ ನೀನು ಹೂತಿಟ್ಟ ಕೇಬಲ್ಲೇ ಕೊಡಬಹುದು. ಇಷ್ಟೆಲ್ಲ ಬರುವ ಕಾಲದಲ್ಲಿ ನಮ್ಮದು ಎರಡಡಿಯಲ್ಲಿ ಸತ್ತಿದೆ, ನೀರಿನ ಪೈಪಿನವರ ಕೈಯಲ್ಲಿ! ನಾಚಿಕೆ ಆಗುತ್ತದೆ ನನಗೆ. ಆ ಬೆಳಕಿನ ಬಗ್ಗೆ ಲೇಖನ ಬರೆಯುವ ದೊಡ್ಡವರು ಯಾರೂ ಅದು ಮಲಗುವ ಗುಂಡಿಗೆ ಇಳಿದವನ ಹೆಸರು ಬರೆಯುವುದಿಲ್ಲ ಅಂತಲೂ ಸಿಟ್ಟು. ಹೆಸರು ಬರೆಯುವುದು ತಪ್ಪು ಹೊರಿಸುವಾಗ ಮಾತ್ರ.

ನೀನು ಸೋಮಾರಿಯಲ್ಲ. ಘಣಸೋಲಿ ಕೆಲಸದ ಆ ವಾರ ಮನೆಗೆ ಬಂದಾಗ ಊಟಕ್ಕೆ ಕೂತು ಹೇಳಿದ್ದು ನನಗೆ ನೆನಪಿದೆ, "ಕೆಳಗ ಕರೀಕಲ್ಲ ಹತ್ತಿತು ಯವ್ವಾ. ಒಡೆಯೋ ಮಷೀನ ಕೇಳಿದೆ. ಮುಕಾದಮ ಎರಡಡಿಗೇ ಸಾಕು, ಮುಚ್ಚು ಅಂದ." ಅನ್ನ ಕಲಸುತ್ತ, ಬಿಸಿಲಿನ ಸುದ್ದಿ ಹೇಳಿದ ಹಾಗೆ ಹೇಳಿದೆ. ನಾನೂ ಮೊಬೈಲ್ ನೋಡುತ್ತ ಹೂಂ ಅಂದೆ. ಟೊಳ್ಳು ಎಳೆಯ ಬಗ್ಗೆ ಯಾರ ಜೊತೆಗೋ ಜಗಳ ಆಡುತ್ತಿದ್ದೆ. ಅದಕ್ಕೆ ನನ್ನ ಮೇಲೇ ಹೆಚ್ಚು ಸಿಟ್ಟು. ಕಾಗದಕ್ಕೆ ಸಹಿ ಹಾಕಬೇಡ. ಪೆನ್ನು ಮುಟ್ಟಲೇಬೇಡ.

ಅವ್ವ ನಿನ್ನನ್ನು ನೆನೆಸುತ್ತಾಳೆ. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೋ ಅಂದಿದ್ದಾಳೆ. ಬೈದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು
ದ್ರೌಪದಿ

ತಾ.ಕ. ಸೋಮವಾರ ಬೆಳಗ್ಗೆ. ಕಾಕಾ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಇದನ್ನು ಬರೆಯಲು ಧೈರ್ಯ ಬರಲಿಲ್ಲ. ಶನಿವಾರ ನಾನು ಕಂಪನಿಯ ಘಣಸೋಲಿ ಆಫೀಸಿಗೆ ಹೋಗಿ ಆ ಹನ್ನೊಂದು ಫೋಟೋ ತೋರಿಸಿದೆ. ವಿಚಾರಣೆ ಮಾಡುತ್ತಿರುವ ಎಂಜಿನಿಯರ್ ಸಂಯುಕ್ತಾ ಮೇಡಂ, ಮೈಸೂರಿನವರು. "ಈ ಕೈ ಯಾರ್ದಮ್ಮಾ, ನಿಂಗೊತ್ತಾ?" ಅಂದರು. ನಮ್ಮ ಅಪ್ಪನದು ಅಂದೆ. "ಎರಡಡಿ ಸಾಕು ಅಂತ ಹೇಳಿದ್ಯಾರು?" ಅಂದರು. ಅದನ್ನು ಗುಂಡಿಯಲ್ಲಿದ್ದವನ ಬಾಯಿಂದಲೇ ಕೇಳಿ ಅಂದೆ. ನಾಳೆ ಮಂಗಳವಾರ, ರಮಾಕಾಂತನಿಗಿಂತ ಮೊದಲು, ಅವರು ಕ್ಯಾಂಪಿಗೆ ಬರುತ್ತಾರೆ. ಅವ್ವನಿಗೆ ಹೇಳಿಲ್ಲ. ಎರಡಡಿ ಸಾಕು ಅಂದವನ ಹೆಸರು ಹೇಳು ಅಪ್ಪಾ. ನೀನು ಸುಮ್ಮನಿದ್ದರೆ ನಾನು ಅಲ್ಲಿ ಸಾಕ್ಷಿ ಅಂತ ಕೊಟ್ಟು ಬಂದದ್ದು ನಿನ್ನ ಕೈ ಮಾತ್ರ.