ಎಡವಟ್ಟು ತಟ್ಟೆ

ಮನೆ, ಅಡುಗೆಮನೆ ಮೇಜು
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕೊನೆಗೂ ಆ ತಟ್ಟೆ ತಗೊಂಡೇಬಿಟ್ಟೆ. ತಡಿ, ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಮೆಟ್ಟಿಲು ಹತ್ತಬೇಡ ಅಂದ್ರೆ ಕೇಳೋಳಲ್ಲ ನೀನು. ನಾನು ಚೆನ್ನಾಗಿದ್ದೀನಿ, ಬೆಳಿಗ್ಗೆ ತೆರೆದ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ. ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ರೆ ಬೈಬೇಡ. ಮೊದಲೂ ಹಾಗೇ ಇತ್ತು ಬಿಡು.

ನಮ್ಮ ಡಿಸ್ಕ್ ಗಾಲ್ಫ್ ಗೊತ್ತಲ್ಲ, ಸರಪಳಿ ಬುಟ್ಟಿಗೆ ತಟ್ಟೆ ಎಸೆಯೋ ಆಟ. ಏಳನೇ ಬುಟ್ಟಿ ಹತ್ರ ಎದುರುಗಾಳಿ ನನ್ನ ತಟ್ಟೆನೆಲ್ಲ ಮಗುಚಿಹಾಕ್ತಿತ್ತು. ಗಾಳಿಗೆ ಜಗ್ಗದೇ ದೂರ ಹೋಗೋ ತಟ್ಟೆ ಒಂದನ್ನ ಅಂಗಡಿಯವನು ತೋರಿಸ್ದ, ಓವರ್‌ಸ್ಟೇಬಲ್ ಡ್ರೈವರ್ ಅಂತೆ. ನಮ್ಮ ಗ್ಯಾರೇಜಿಗೆ ಬರೋ ಡ್ರೈವರುಗಳಲ್ಲಿ ಒಬ್ಬನೂ ಸ್ಟೇಬಲ್ ಇಲ್ಲ, ಇದು ಓವರ್ ಅಂದ್ಮೇಲೆ ಬಿಡ್ತೀನಾ? ‘ಅಣ್ಣಾ, ಬಲಗೈಲಿ ಎಸೆದ್ರೆ ಕೊನೇಲಿ ಎಡಕ್ಕೆ ತಿರುಗತ್ತೆ. ಕೈಲಿ ವೇಗ ಇಲ್ದಿದ್ರೆ ಇನ್ನೂ ಬೇಗ ತಿರುಗತ್ತೆ. ನಿಮಗೆ ಬೇಡ’ ಅಂದ. ಇಪ್ಪತ್ತೈದು ವರ್ಷ ಟೈರ್ ಬಿಚ್ಚಿದ ಕೈಗೆ ಬೇಡ ಅಂತಾನೆ! ಅಂಚು ಚೂಪಾಗಿರೋದು, ತೂಕದ್ದೇ ಆರಿಸಿ ತಂದೆ.

ಇವತ್ತು ಬೆಳಿಗ್ಗೆ ಅಪ್ಪನ್ನೂ ಮೈದಾನಕ್ಕೆ ಕರ್ಕೊಂಡು ಹೋಗಿದ್ದೆ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದಾಗಿಂದ ಗೋಡೆ ನೋಡ್ಕೊಂಡು ಕೂತಿರ್ತಾರೆ. ಎಡಗೈ ಗಟ್ಟಿಮುಟ್ಟಾಗಿದೆ, ಆದ್ರೂ ಅದರಲ್ಲಿ ಚಮಚ ಮುಟ್ಟಲ್ಲ, ಅಮ್ಮನೇ ತಿನ್ನಿಸ್ಬೇಕು. ಚಿಕ್ಕೋಳಿದ್ದಾಗ ಎಡಚಿ ಅಂತ ನಿನ್ನ ಎಡಗೈನ ಕುರ್ಚಿಗೆ ಕಟ್ಟಿ ಬಲಗೈಲಿ ಬರೆಸಿದ ಮನುಷ್ಯ ಅಲ್ವಾ, ಹಟ ಎಲ್ಲಿಗೆ ಹೋಗತ್ತೆ. ‘ಕೈ ಕಟ್ಟಿದೋರ ಮನೆಗೆ ಕಾಲಿಡಲ್ಲ’ ಅಂತ ಹೋದೋಳು ನೀನು, ಹನ್ನೊಂದು ವರ್ಷ ಆಯ್ತು. ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ.

ಅವರನ್ನ ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲೇ ನಿಂತು ಶುರುಮಾಡ್ದೆ. ಅಲ್ಲಿಂದ ಹತ್ತಿರದ ಬುಟ್ಟಿಗೆ ಮೂವತ್ತು ಹೆಜ್ಜೆ, ಮರದ ಹಿಂದೆ ಬಲಕ್ಕಿದೆ. ಅಷ್ಟಕ್ಕೆ ಈ ತಟ್ಟೆ ಬೇಕೇ ಇಲ್ಲ, ಗಾಳಿನೂ ಇರ್ಲಿಲ್ಲ, ಆದ್ರೆ ಶೋಕಿ! ನಾಲ್ಕೂ ಬೆರಳಲ್ಲಿ ಅಂಚು ಬಿಗಿಹಿಡಿದು, ಕೈ ಹಿಂದಕ್ಕೆ ಚಾಚಿ, ಎದೆ ಸವರ್ಕೊಂಡು ಎಳೆದುಬಿಟ್ಟೆ. ಎಡಕ್ಕೆ, ಸೀದಾ ಚರಂಡಿಗೆ. ಎರಡನೇ ಸಲವೂ ಚರಂಡಿಗೆ. ಮೂರನೇ ಸಲ ತೆಗೆಯೋಕೆ ಹೋಗಿ ನಾನೇ ಚರಂಡಿಗೆ. ‘ಎಡವಟ್ಟು ಮುಂಡೇದು’ ಅಂತ ಬೈಕೊಂಡು ಬಂದ್ರೆ ಅಪ್ಪ ‘ಕೊಡೋ ಇಲ್ಲಿ’ ಅಂದ್ರು. ಚಾಚಿದ್ದು ಎಡಗೈ, ಅಕ್ಕಾ!

ಕೂತಲ್ಲಿಂದಲೇ ಮಣಿಕಟ್ಟು ಚಿಮ್ಮಿಸಿದ್ರು. ಎಡಗೈಲಿ ಎಸೆದ್ರೆ ಅದು ಬಲಕ್ಕೆ ತಿರುಗತ್ತೆ ಅಂತ ನನಗೆ ಹೊಳೆದೇ ಇರ್ಲಿಲ್ಲ. ವೇಗ ಇಲ್ದಿದ್ದೇ ಒಳ್ಳೇದಾಯ್ತು. ಮರ ದಾಟಿದ್ದೇ ತಡ, ಯಾರೋ ಕರೆದ ಹಾಗೆ ತಿರುಗಿ ಝಣ್ ಅಂತ ಸರಪಳಿಗೆ ಬಿತ್ತು. ಹೊಸ ಕೈ ಹಾಗೆ ಎಸೆಯಲ್ಲ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಅಮ್ಮ ದಿನಾ ನಿನ್ನ ನೆನೆಸ್ಕೊಳ್ತಾಳೆ.

ನಿನ್ನ ಬಾಯಿಬಡುಕ ತಮ್ಮ

ತಾ.ಕ.: ಅಸಲು ವಿಷಯನೇ ಬಿಟ್ಟೆ. ಇದೆಲ್ಲಿ ಕಲಿತ್ರಿ ಅಂದೆ. ‘ಹುಟ್ಟಾ ಎಡಚ ಕಣೋ ನಾನು. ನಮ್ಮಪ್ಪ ಕೈ ಕಟ್ಟಿಹಾಕಿ ಅಭ್ಯಾಸ ಬಿಡಿಸಿದ್ರು. ಯಾವ ಗಂಟು ಮಗು ಕೈಲಿ ಬಿಚ್ಚೋಕಾಗಲ್ಲ ಅಂತ ನನಗೆ ಗೊತ್ತಿತ್ತು, ಅದನ್ನೇ ಅವಳಿಗೆ ಹಾಕ್ದೆ. ಅವಳಿಗೆ ಬರಿ’ ಅಂದ್ರು. ಬರ್ತಾಳಾ ಅಂತ ಅವರು ಕೇಳ್ಲಿಲ್ಲ. ನಾನು ಕೇಳ್ತಿದ್ದೀನಿ. ಅಮ್ಮ ಕೂಗ್ತಿದಾಳೆ, ‘ಊಟಕ್ಕೆ ಬಾರೋ ಬೇಗ, ನಿಮ್ಮಪ್ಪನ್ನ ನೋಡ್ಬಾ, ಚಮಚ ತಾವೇ ಹಿಡ್ಕೊಂಡು ಕೂತಿದಾರೆ’ ಅಂತ. ಯಾವ ಕೈಲಿ ಅಂತ ನೋಡ್ತೀನಿ, ಹೊರಟೆ.